ಸಮಾಧಾನಕ್ಕಾಗಿ ಮಾಡಿದ ಪ್ರಾರ್ಥನೆ



ಅಸ್ಸಿಸಿಯ ಫ್ರಾನ್ಸಿಸನ ಹೆಸರಿನಿಂದ ಪ್ರಸಿದ್ಧವಾದ ಸಮಾಧಾನದ ಪ್ರಾರ್ಥನೆಯನ್ನು ನಾವು ಶಾಲೆಯ ಬೆಳಗಿನ ಕೂಟದಲ್ಲಿ ಒಕ್ಕೊರಲಿನಿಂದ ಹೇಳುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅಂದು ಅದು ನನ್ನ ಬಾಯಿಗೆ ಬಂದಿತು. ಬಾಳಿಗೆ ಬರುವುದಕ್ಕೆ ಇಪ್ಪತ್ತು ವರುಷಗಳು ಹಿಡಿದವು.

1226ರಲ್ಲಿ ತೀರಿಹೋದ ಆ ಸಂತನ ಬರಹಗಳಲ್ಲಿ ಈ ಪ್ರಾರ್ಥನೆಯು ಸಿಕ್ಕುವುದಿಲ್ಲ. ಅದು ಮೊದಲು ಅಚ್ಚಾದದ್ದು 1912ರಲ್ಲಿ, ಪ್ಯಾರಿಸಿನ ಒಂದು ಸಣ್ಣ ಫ್ರೆಂಚ್ ಪತ್ರಿಕೆಯಲ್ಲಿ, ಬರೆದವರ ಹೆಸರಿಲ್ಲದೆ. ಎರಡು ವರುಷಗಳಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. 1837ರಲ್ಲಿ ಧಾರವಾಡಕ್ಕೆ ಬಂದು ನಮ್ಮವರಿಗೆ ಅಕ್ಷರ ಕಲಿಸಿದ ಬಾಸೆಲ್ ಮಿಶನ್ನಿನ ಜರ್ಮನ್ ಬೋಧಕರು ಆಗ ಶತ್ರುದೇಶದವರೆಂದು ಎಣಿಸಲ್ಪಟ್ಟು ಬಂಧನಕ್ಕೆ ಒಳಗಾದರು. ಅದೇ ಯುದ್ಧದ ನಡುವೆ, 1916ರಲ್ಲಿ, ಈ ಪ್ರಾರ್ಥನೆಯು ರೋಮಿನ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ, ಮುಂದೆ ಲೋಕದಲ್ಲೆಲ್ಲ ಹಬ್ಬಿತು.

ಯುದ್ಧವೆಂಬುದು ದೇಶದೇಶಗಳ ನಡುವೆ ನಡೆಯುವುದೆಂದು ನಾನು ತಿಳಿದಿದ್ದೆನು. ನಮ್ಮ ಮನೆಯಲ್ಲಾದರೋ ಅದು ಅಂಗಳದ ನಳದ ಬಳಿಯಲ್ಲಿ ಆರಂಭವಾಯಿತು. ಆಗ ನಮ್ಮ ಓಣಿಗೆ ಎಂಟು ದಿವಸಕ್ಕೊಮ್ಮೆ ನೀರು ಬರುತ್ತಿತ್ತು. ಒಂದು ನಸುಕಿನಲ್ಲಿ ನನ್ನ ಕೊಡಗಳು ತುಂಬುವುದಕ್ಕೆ ಮೊದಲೇ ನೀರು ನಿಂತುಹೋಯಿತು. ನೆಗೆಣ್ಣಿಯ ಹಂಡೆಗಳು ತುಂಬಿದ್ದವು. ನಾನು ಸಿಟ್ಟಿನಲ್ಲಿ ಆಕೆಯ ತವರುಮನೆಯವರನ್ನು ಕುರಿತು ಆಡಬಾರದ ಮಾತನ್ನು ಆಡಿದೆನು. ಆಕೆ ಉತ್ತರ ಕೊಡದೆ ಬಾಗಿಲು ಮುಚ್ಚಿಕೊಂಡಳು. ಅಂದಿನಿಂದ ಮೂರು ತಿಂಗಳ ತನಕ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಹೇಳಬೇಕಾದದ್ದನ್ನು ಮಕ್ಕಳು ಹೊತ್ತು ತಿರುಗಿದರು.

ಆ ದಿನಗಳಲ್ಲಿ ನಾನು ಪ್ರಾರ್ಥನೆಯನ್ನು ಬಿಡಲಿಲ್ಲ. ಸಮಾಧಾನ ತರುವವಳನ್ನಾಗಿ ನನ್ನನ್ನು ಮಾಡಬೇಕೆಂದು ಪ್ರತಿ ರಾತ್ರಿ ಬೇಡಿಕೊಂಡೆನು. ಆದರೆ ಬೇಡುತ್ತ ಬೇಡುತ್ತ ಆಕೆಯ ತಪ್ಪುಗಳನ್ನೇ ದೇವರ ಮುಂದೆ ಎಣಿಸುತ್ತಿದ್ದೆನು. ದೇವರು ಆಕೆಯನ್ನು ಬಗ್ಗಿಸಬೇಕೆಂಬುದೇ ನನ್ನ ಹೃದಯದ ನಿಜವಾದ ಬೇಡಿಕೆಯಾಗಿತ್ತು.

ಒಂದು ಶನಿವಾರ ಸಂಜೆ ಅತ್ತೆಯವರು ಜೋಳ ಹಸನು ಮಾಡುತ್ತ, "ಬರೇ ದೇವರ ಮುಂದ ಹೇಳಿದರ ಆಗೂದಿಲ್ಲವ್ವಾ. ಆಕಿ ಮುಂದೂ ಹೇಳಬೇಕು" ಎಂದರು. ಬೇರೆ ಯಾವ ಬುದ್ಧಿಮಾತನ್ನೂ ಅವರು ಹೇಳಲಿಲ್ಲ.

ಮರುದಿನ ಕರ್ತನ ಭೋಜನದ ಆರಾಧನೆಯಿತ್ತು. 1947ರಲ್ಲಿ ಕೂಡಿಬಂದ ದಕ್ಷಿಣ ಭಾರತ ಸಭೆಯು 1950ರಲ್ಲಿ ಸಿದ್ಧಪಡಿಸಿದ ಭೋಜನದ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ಕೊಡುವ ಪದ್ಧತಿಯುಂಟಷ್ಟೆ. ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಅದು ಮೊದಲಿನಿಂದಲೂ ಉಳಿದುಬಂದದ್ದು. ಒಬ್ಬರು ಜೋಡಿಸಿದ ಕೈಗಳನ್ನು ಇನ್ನೊಬ್ಬರು ತಮ್ಮ ಎರಡು ಕೈಗಳ ನಡುವೆ ಹಿಡಿಯುತ್ತಾರೆ. ಅಂದು ಆ ಸಮಾಧಾನವು ನಮ್ಮ ಬೆಂಚಿನುದ್ದಕ್ಕೂ ಬಂದು, ಮಗಳ ಕೈಯಿಂದ ನನಗೆ ಮುಟ್ಟಿತು. ನನ್ನ ಆಚೆಗೆ ನೆಗೆಣ್ಣಿಯು ಕುಳಿತಿದ್ದಳು. ಕಾಣಿಕೆಯನ್ನು ಬಿಟ್ಟು ಮೊದಲು ಒಂದಾಗಬೇಕೆಂದು ಕರ್ತನು ಹೇಳಿದ್ದು ನನಗೆ ನೆನಪಾಯಿತು. ನಡುಗುವ ಕೈಗಳನ್ನು ಚಾಚಿ, "ತಪ್ಪು ನನ್ನದು, ಅಕ್ಕಾ" ಎಂದೆನು. ಆಕೆ ಏನೂ ಹೇಳಲಿಲ್ಲ; ಆದರೆ ಹಿಡಿದ ಕೈಯನ್ನು ತಟ್ಟನೆ ಬಿಡಲಿಲ್ಲ.

ನಮ್ಮ ಮನಸ್ಸು ಪೂರ್ಣವಾಗಿ ತಿಳಿಯಾಗಲು ಇನ್ನೂ ಬಹಳ ದಿನಗಳು ಬೇಕಾದವು. ಆಮೇಲೂ ನಾವು ಜಗಳಾಡಿದ್ದುಂಟು. ಆದರೆ ಹೊತ್ತು ಮುಳುಗುವ ಮುಂಚೆ ಇಬ್ಬರಲ್ಲೊಬ್ಬರು ಮಾತಾಡಿಸುವೆವು. ನೀರು ಬಂದರೆ ಮೊದಲು ಎದ್ದವಳು ಇಬ್ಬರ ಕೊಡಗಳನ್ನೂ ಇಡುವಳು.

ಅಳುವ ಕೂಸನ್ನು ಎತ್ತಿಕೊಳ್ಳುವುದಕ್ಕೂ ನಾವು ಸಮಾಧಾನ ಮಾಡುವುದೆಂದೇ ಹೇಳುತ್ತೇವೆ. ಅದಕ್ಕೆ ತಾಯಿ ಬಗ್ಗಲೇಬೇಕು. ಪ್ರಿಯ ಸಹೋದರಿಯರೇ, ಸಮಾಧಾನಕ್ಕಾಗಿ ಪ್ರಾರ್ಥಿಸುವವಳು ತಾನೇ ಮೊದಲು ಬಗ್ಗಲು ಸಿದ್ಧಳಾಗಿರಲಿ. ಆ ಕೃಪೆಯನ್ನು ದೇವರು ನಮಗೆಲ್ಲರಿಗೂ ದಯಪಾಲಿಸಲಿ.