ಗೋಡೆಗೊಂದು ಮೊಳೆ

ಅಮೆರಿಕದ ಸಣ್ಣ ಊರುಗಳಲ್ಲಿ ಈಗೊಂದು ಹೊಸ ಜಗಳ: ಇಡೀ ಬಡಾವಣೆಯೇ ಬಾಡಿಗೆಗೆ. ಸಾಲಾಗಿ ಒಂಟಿ ಮನೆಗಳು, ಹಿತ್ತಿಲು, ಗ್ಯಾರೇಜು ಎಲ್ಲ ಇದೆ. ಮಾರಾಟಕ್ಕೆ ಮಾತ್ರ ಒಂದೂ ಇಲ್ಲ. ಅಷ್ಟಕ್ಕೂ ಓನರ್ ಒಂದೇ ಕಂಪನಿ.

2008ರ ಕುಸಿತದಲ್ಲಿ ಬ್ಯಾಂಕಿನ ಪಾಲಾದ ಮನೆಗಳನ್ನ ಹೂಡಿಕೆದಾರರು ಸಗಟಿನಲ್ಲಿ ಕೊಂಡು ಬಾಡಿಗೆಗೆ ಬಿಟ್ಟರು. ಲಾಭದ ರುಚಿ ಹತ್ತಿದ ಮೇಲೆ ಬಾಡಿಗೆಗೆಂದೇ ಕಟ್ಟೋದು ಶುರುವಾಯ್ತು. ಅರಿಜೋನಾದ ಫೀನಿಕ್ಸ್ ಸುತ್ತಮುತ್ತ ಇಂಥವು ಬೇಕಾದಷ್ಟಿವೆ.

ಪ್ರಸ್ತಾಪ ಬಂದ ಕಡೆಯೆಲ್ಲ ಅಕ್ಕಪಕ್ಕದವರ ತಕರಾರು ಒಂದೇ: ಟ್ರಾಫಿಕ್ಕು, ಸ್ಕೂಲು, ನೀರು. ಕೊನೆಗೆ ದನಿ ತಗ್ಗಿಸಿ, ‘ಬಾಡಿಗೆಯವರು ಹುಲ್ಲು ಕತ್ತರಿಸಲ್ಲ’. ತಮಾಷೆ ಅಂದ್ರೆ, ಇಂಥ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಹುಲ್ಲು ಕತ್ತರಿಸೋದು ಕಂಪನಿ ಕಳಿಸೋ ಆಳು.

ವೀಸಾ ಇನ್ನೆಷ್ಟು ದಿನವೋ ಅಂತಿರೋ ನಮ್ಮೋರಿಗೆ ಇದು ಅನುಕೂಲವೇ. ಡೌನ್‌ಪೇಮೆಂಟ್ ಇಲ್ಲ, ಸೂರು ಸೋರಿದರೆ ಒಂದು ಫೋನು ಸಾಕು. ಆದರೆ ಹಿತ್ತಿಲಲ್ಲಿ ಕರಿಬೇವು ನೆಡೋ ಮುಂಚೆ ಲೀಸ್ ತಿರುವಿ ನೋಡಬೇಕು.

ಬೆಂಗಳೂರಲ್ಲಿ ಗೋಡೆಗೆ ಮೊಳೆ ಹೊಡೆದರೆ ಓನರ್ ಆಂಟಿ ಮಹಡಿಯಿಂದ ಇಳಿದು ಬಂದು ಬೈತಿದ್ರು, ಹಬ್ಬಕ್ಕೆ ಒಬ್ಬಟ್ಟೂ ಕೊಡ್ತಿದ್ರು. ಇಲ್ಲಿ ಓನರ್ ಅನ್ನೋದೊಂದು ಆ್ಯಪ್. ಒಂದನೇ ತಾರೀಕು ‘ಟಿಂಗ್’ ಅನ್ನುತ್ತೆ, ಅಷ್ಟೇ.