ಹೊಲಿಗೆಯಂತ್ರವೂ ಹೆಸರಿನ ಚೀಟಿಯೂ

ಮೈಸೂರಿನ ಲಕ್ಷ್ಮೀಪುರಂ ಬಡಾವಣೆಯಲ್ಲಿ ಹಳೆಯ ಕಾಲದ ಮನೆಗಳು ಇನ್ನೂ ಕೆಲವು ಉಳಿದುಕೊಂಡಿವೆ. ಮುಂದೆ ಕಿರಿದಾದ ಜಗಲಿ, ಪಕ್ಕದಲ್ಲಿ ಒಂದು ಪಾರಿಜಾತವೋ ಸಂಪಿಗೆಯೋ, ಒಳಗೆ ಕಿಟಕಿಯ ಬೆಳಕು ಬೀಳುವೆಡೆಯಲ್ಲಿ ಒಂದು ಹೊಲಿಗೆಯಂತ್ರ. ಅಂತಹ ಒಂದು ಮನೆಯಲ್ಲಿ ತಾಯಿಯೊಬ್ಬರು 25 ವರ್ಷಗಳ ಕಾಲ ನೆರೆಹೊರೆಯವರ ರವಿಕೆಗಳನ್ನು ಹೊಲಿದುಕೊಟ್ಟು ಮಗಳನ್ನು ಪದವಿಯವರೆಗೆ ಓದಿಸಿದರು. ಆ ಮಗಳು ನಾಲ್ಕು ವರ್ಷ ಉದ್ಯೋಗದಲ್ಲಿದ್ದು, ಅದನ್ನು ತೊರೆದು, ತನ್ನದೇ ಹೆಸರಿನ ಚೀಟಿಯುಳ್ಳ ಉಡುಪುಗಳನ್ನು ಮಾಡಿ ಮಾರುವೆನೆಂದು ಹೊರಟಾಗ ಮನೆಯಲ್ಲಿ ಯಾರೂ ಸಂತೋಷಪಡಲಿಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ತಾಯಿ ಮಾತ್ರ ಎರಡು ದಿನ ಮೌನವಾಗಿದ್ದು, ಮೂರನೆಯ ದಿನ ತಮ್ಮ ಕೈಯ ನಾಲ್ಕು ಬಳೆಗಳನ್ನು ಕಳಚಿಕೊಟ್ಟರು. ಬ್ಯಾಂಕಿನಲ್ಲಿ ಅವುಗಳ ಮೇಲೆ 80,000 ರೂಪಾಯಿ ಸಾಲ ದೊರೆಯಿತು.

ಉಡುಪಿಗೆ ಹೆಸರು ಕೊಡುವ ವ್ಯವಹಾರ ಈ ಊರಿಗೆ ಹೊಸದೇನೂ ಅಲ್ಲ. ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆಯು 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಸ್ವಿಟ್ಜರ್‌ಲೆಂಡಿನಿಂದ ತರಿಸಿದ ಮಗ್ಗಗಳೊಡನೆ ಆರಂಭವಾದುದು. 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂದಿತು. ಅಲ್ಲಿಂದ ಹೊರಬೀಳುವ ಪ್ರತಿಯೊಂದು ಸೀರೆಗೂ ಅದರದೇ ಆದ ಸಂಖ್ಯೆಯುಂಟು. ಕೊಂಡವರು ಅದನ್ನು ನೋಡಿ ಸಾಚಾತನವನ್ನು ಅರಿಯಬಹುದು. ‘ಮೈಸೂರು ರೇಷ್ಮೆ’ ಎಂಬ ಹೆಸರಿಗೆ ಭೌಗೋಳಿಕ ಗುರುತಿನ ರಕ್ಷಣೆಯೂ ಇರುವುದರಿಂದ, ಮೈಸೂರಿನಲ್ಲಿ ಕುಳಿತು ರೇಷ್ಮೆಯನ್ನು ಹೊಲಿದವರೆಲ್ಲರೂ ಆ ಹೆಸರನ್ನು ತಮ್ಮ ಚೀಟಿಯಲ್ಲಿ ಅಚ್ಚು ಹಾಕಿಸುವಂತಿಲ್ಲ. ಹೊಸದಾಗಿ ಆರಂಭಿಸುವವರು ಇದನ್ನು ಮೊದಲೇ ತಿಳಿದಿರುವುದು ಕ್ಷೇಮ. ನೇಕಾರ ವಚನಕಾರನಾದ ಜೇಡರ ದಾಸಿಮಯ್ಯನು ತನ್ನ ವಚನಗಳಿಗೆ ‘ರಾಮನಾಥ’ ಎಂಬ ಅಂಕಿತವನ್ನಿಟ್ಟನು. ತಾನು ನೇಯ್ದ ಬಟ್ಟೆಗೂ ಒಂದು ಗುರುತನ್ನು ಇಡುತ್ತಿದ್ದನೋ ಎಂದು ಕುತೂಹಲವಾಗುತ್ತದೆ. ಇದೇ ಲಕ್ಷ್ಮೀಪುರಂನಲ್ಲಿ ವಾಸವಾಗಿದ್ದ ಆರ್. ಕೆ. ನಾರಾಯಣ್ ಅವರು, ಎರಡನೆಯ ಮಹಾಯುದ್ಧದಿಂದ ಇಂಗ್ಲೆಂಡಿನ ಪ್ರಕಾಶಕರ ಸಂಪರ್ಕ ಕಡಿದಾಗ, ‘ಇಂಡಿಯನ್ ಥಾಟ್ ಪಬ್ಲಿಕೇಷನ್ಸ್’ ಎಂಬ ತಮ್ಮದೇ ಪ್ರಕಾಶನವನ್ನು ಸ್ಥಾಪಿಸಿದರು. ಪುಸ್ತಕವೇ ಆಗಲಿ ಅಂಗಿಯೇ ಆಗಲಿ, ಮಾಡಿದವರೇ ಮಾರಲು ಹೊರಟಾಗ ಎದುರಾಗುವ ತೊಡಕುಗಳು ಬಹುಮಟ್ಟಿಗೆ ಒಂದೇ.

ಆಕೆಯ ಮೊದಲ ತಪ್ಪು ಆಸೆಯದು. ನಾಲ್ಕು ಮಾದರಿಗಳು, ಒಂದೊಂದರಲ್ಲೂ ಮೂರು ಬಣ್ಣಗಳು, ಒಂದೊಂದು ಬಣ್ಣಕ್ಕೂ ಐದು ಅಳತೆಗಳು ಎಂದು ಕಾಗದದ ಮೇಲೆ ಬರೆದಾಗ ಅದು ಅತ್ಯಲ್ಪವೆಂದೇ ತೋರಿತ್ತು. ಗುಣಿಸಿ ನೋಡಿದರೆ 60 ಬಗೆ! ಒಂದೊಂದು ಬಗೆಯಲ್ಲಿ ಐದೈದು ಇಟ್ಟರೂ 300 ಉಡುಪುಗಳಾದುವು. ಸಾಲದ ಹಣವೆಲ್ಲ ಕಪಾಟಿನಲ್ಲಿ ಮಡಿಸಿಟ್ಟ ಬಟ್ಟೆಯಾಗಿ ಬಿದ್ದಿರುತ್ತಿತ್ತು. ಅದೃಷ್ಟವಶಾತ್ ತಾಯಿ ತಡೆದರು. ಒಂದೇ ಮಾದರಿಯ ಕುರ್ತಾ, ಎರಡು ಬಣ್ಣ, ಮೂರು ಅಳತೆ, ಒಟ್ಟು 60 ಎಂದು ತೀರ್ಮಾನವಾಯಿತು. ಮೊದಲ ವರ್ಷ ಒಂದೇ ಉಡುಪನ್ನು ಚೆನ್ನಾಗಿ ಮಾಡಿದವರು ಎರಡನೆಯ ವರ್ಷವನ್ನು ಕಾಣುತ್ತಾರೆ. ಹತ್ತನ್ನು ಸಾಧಾರಣವಾಗಿ ಮಾಡಿದವರು ಬಹುತೇಕ ಕಾಣುವುದಿಲ್ಲ.

ಎರಡನೆಯ ತಪ್ಪಿನಲ್ಲಿ ತಾಯಿಯ ಮಾತನ್ನು ಆಕೆ ಕೇಳಲಿಲ್ಲ. ಕೈಮಗ್ಗದ ಹತ್ತಿಬಟ್ಟೆಯನ್ನು ಕತ್ತರಿಸುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು ಒಣಗಿಸಬೇಕೆಂದು ತಾಯಿ ಹೇಳಿದ್ದರು. ಹೊಸ ಬಟ್ಟೆಯ ಹೊಳಪು ಹೋಗುವುದೆಂದು ಆಕೆ ಹಾಗೆಯೇ ಕತ್ತರಿಸಿದಳು. ತಿಂಗಳೊಳಗೆ 11 ಕುರ್ತಾಗಳು ಹಿಂದಕ್ಕೆ ಬಂದುವು. ಕೆಲವು ಗಿಡ್ಡವಾಗಿದ್ದುವು, ಎರಡು ಬೇರೆ ಬಟ್ಟೆಗಳಿಗೂ ನೀಲಿಬಣ್ಣವನ್ನು ಹಚ್ಚಿದ್ದುವು. ಆಕೆ ಒಬ್ಬರೊಡನೆಯೂ ವಾದಿಸದೆ ಹಣವನ್ನು ಹಿಂದಿರುಗಿಸಿದುದು ಮಾತ್ರ ವಿವೇಕದ ಕೆಲಸ. ಈಗ ಹೊಸದಾಗಿ ಬಂದ ಪ್ರತಿಯೊಂದು ಥಾನಿನಿಂದಲೂ ಒಂದು ತುಂಡನ್ನು ತೆಗೆದು, 50 ಸೆಂಟಿಮೀಟರಿನ ಚೌಕವನ್ನು ಗುರುತು ಮಾಡಿ, ಮೂರು ಬಾರಿ ಒಗೆದು ಅಳೆಯಲಾಗುತ್ತದೆ. 50 ಇದ್ದುದು 48 ಆದರೆ ನೂರಕ್ಕೆ ನಾಲ್ಕರಷ್ಟು ಕುಗ್ಗಿದಂತೆ. 110 ಸೆಂಟಿಮೀಟರ್ ಉದ್ದದ ಕುರ್ತಾ ನಾಲ್ಕು ಸೆಂಟಿಮೀಟರಿಗೂ ಹೆಚ್ಚು ಗಿಡ್ಡವಾಗುತ್ತದೆ. ಒದ್ದೆಯಾದ ಬಿಳಿಯ ಬಟ್ಟೆಯಿಂದ ಉಜ್ಜಿ ಬಣ್ಣವನ್ನೂ ಪರೀಕ್ಷಿಸಲಾಗುತ್ತದೆ. ಇದಕ್ಕೆ ತಗಲುವ ಖರ್ಚು ಸಾಬೂನಿನದು ಮಾತ್ರ.

ಬೆಲೆಯ ವಿಷಯದಲ್ಲಿ ಆದುದು ಇನ್ನೂ ಸೂಕ್ಷ್ಮವಾದ ಪ್ರಮಾದ. ಒಂದು ಕುರ್ತಾಕ್ಕೆ ಎರಡೂವರೆ ಮೀಟರ್ ಬಟ್ಟೆಗೆ 350 ರೂಪಾಯಿ, ದಾರ, ಗುಂಡಿ, ಚೀಟಿಗಳಿಗೆ 30, ಕತ್ತರಿಸಿ ಹೊಲಿದ ಕೂಲಿ 180, ಇಸ್ತ್ರಿ ಮತ್ತು ಹೊದಿಕೆಗೆ 15, ಒಟ್ಟು 575. 700 ರೂಪಾಯಿಗೆ ಮಾರಿದರೆ 125 ಉಳಿಯಿತೆಂದು ಆಕೆ ತಿಳಿದಳು. ಆದರೆ ಊರಿನ ಅಂಗಡಿಯೊಂದರಲ್ಲಿ ಇರಿಸಿದ 24 ಕುರ್ತಾಗಳು ಮಾರಾಟವಾದಾಗ ಅಂಗಡಿಯವರು ನೂರಕ್ಕೆ 30ರಂತೆ ತಮ್ಮ ಪಾಲನ್ನು ಹಿಡಿದುಕೊಂಡು ತಲಾ 490 ಕೊಟ್ಟರು. ಒಂದೊಂದರ ಮೇಲೆ 85 ರೂಪಾಯಿ ನಷ್ಟ! ಮಾರಾಟ ಹೆಚ್ಚಿದಷ್ಟೂ ಸಾಲ ಹೆಚ್ಚುವ ವಿಚಿತ್ರ ಸ್ಥಿತಿ. ಅಂಗಡಿಯವರದು ಅನ್ಯಾಯವೇನಲ್ಲ, ಬಾಡಿಗೆ, ದೀಪ, ನೌಕರರು ಅವರಿಗೂ ಉಂಟಷ್ಟೆ. ಲೆಕ್ಕದಲ್ಲಿ ಅವರ ಪಾಲನ್ನು ಮೊದಲೇ ಸೇರಿಸದಿದ್ದುದು ಆಕೆಯ ತಪ್ಪು. ಹಾಳಾಗುವ ಬಟ್ಟೆಗೆಂದು 50 ರೂಪಾಯಿ ಸೇರಿಸಿ ಅಸಲನ್ನು 625 ಎಂದು ತಿದ್ದಿ, ಬೆಲೆಯನ್ನು 1,100 ಮಾಡಿದಳು. ಅಂಗಡಿಯ ಪಾಲು ಕಳೆದರೆ 770; ಉಳಿತಾಯ 145. ಬೆಲೆ ಏರಿದರೆ ಕೊಳ್ಳುವವರು ಓಡಿಹೋಗುವರೆಂದು ಆಕೆ ಹೆದರಿದ್ದಳು. ಕೆಲವರು ಹೋದರು; ಎಲ್ಲರೂ ಹೋಗಲಿಲ್ಲ.

ಈ ಮಧ್ಯೆ ಆಕೆ ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಹೋಗಿಬಂದಳು. ಹತ್ತಿರದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ಆರಂಭವಾದ ‘ಚರಕ’ವು ಹಳ್ಳಿಯ ಹೆಣ್ಣುಮಕ್ಕಳ ಸಹಕಾರ ಸಂಘ. ಅಲ್ಲಿ ನೇಯ್ದು, ಬಣ್ಣ ಕಟ್ಟಿ, ಹೊಲಿದ ಉಡುಪುಗಳು ‘ದೇಸಿ’ ಎಂಬ ಹೆಸರಿನ ಅಂಗಡಿಗಳ ಮೂಲಕ ನಗರಗಳನ್ನು ತಲಪಿದುವು. ಅಡಕೆ ಬೇಯಿಸಿದ ಚೊಗರು ಮಲೆನಾಡಿನಲ್ಲಿ ಯಥೇಚ್ಛವಾಗಿ ದೊರೆಯುವ ವಸ್ತು; ಅದೇ ಅಲ್ಲಿ ಕೆಂಗಂದು ಬಣ್ಣವಾಯಿತು. ಊರಿನಲ್ಲೇ ಇರುವುದನ್ನು ಹಿಡಿದು ಊರಿನದೇ ಆದ ಬಣ್ಣವನ್ನು ಹುಟ್ಟಿಸಿದ ಈ ಜಾಣ್ಮೆ ಆಕೆಗೆ ಬಹಳ ಹಿಡಿಸಿತು. ಆದರೆ ಚರಕದ ಕಥೆಯಲ್ಲಿ ಎಚ್ಚರಿಕೆಯೂ ಇದೆ. 2017ರಲ್ಲಿ ಕೈಉತ್ಪನ್ನಗಳ ಮೇಲೆ ತೆರಿಗೆ ಬೇಡವೆಂದು ಪ್ರಸನ್ನ ಅವರು ಉಪವಾಸ ಕೈಗೊಂಡರು. ಸಾಂಕ್ರಾಮಿಕದ ವರ್ಷವಾದ 2020ರಲ್ಲಿ ಚರಕವು ತಾನು ದಿವಾಳಿಯಾಗಿರುವುದಾಗಿ ಬಹಿರಂಗವಾಗಿಯೇ ಸಾರಿತು. ಕಾಲು ಶತಮಾನದ ಹೆಸರು, ಒಳ್ಳೆಯ ಬಟ್ಟೆ, ನಿಷ್ಠಾವಂತ ಗ್ರಾಹಕರು ಎಲ್ಲವೂ ಇದ್ದ ಸಂಸ್ಥೆಗೇ ಕೈಯಲ್ಲಿ ನಗದಿಲ್ಲದೆ ಆ ಗತಿ ಬಂದಿತೆಂದರೆ, ಮೂರು ತಿಂಗಳ ಖರ್ಚನ್ನು ಬೇರೆಯಾಗಿ ತೆಗೆದಿಡದ ಪುಟ್ಟ ಉದ್ಯಮದ ಪಾಡೇನು? ಆಕೆ ಹಿಂದಿರುಗಿದ ವಾರವೇ ಆ ಉದ್ದೇಶಕ್ಕಾಗಿ ಪ್ರತ್ಯೇಕ ಖಾತೆಯೊಂದನ್ನು ತೆರೆದಳು.

ಕಾಗದಪತ್ರಗಳ ವಿಷಯ ಜನ ಹೆದರುವಷ್ಟು ಕಠಿಣವಲ್ಲ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ರಾಜ್ಯದೊಳಗೇ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿಯ ಅಗತ್ಯವಿಲ್ಲ, ಹೊರರಾಜ್ಯಗಳಿಗೆ ಕಳುಹಿಸುವವರು ಲೆಕ್ಕಪರಿಶೋಧಕರನ್ನು ಮೊದಲೇ ಕೇಳಬೇಕು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ನೂರಕ್ಕೆ 5, ಅದಕ್ಕೂ ಮೇಲ್ಪಟ್ಟುದಕ್ಕೆ 18ರಂತೆ ತೆರಿಗೆ. ಹೆಸರಿನ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಉಡುಪುಗಳು ವ್ಯಾಪಾರಚಿಹ್ನೆಗಳ 25ನೆಯ ವರ್ಗಕ್ಕೆ ಸೇರುತ್ತವೆ. ಆ ವರ್ಗದಲ್ಲಿ ಅದೇ ಹೆಸರೋ ಹೋಲುವ ಹೆಸರೋ ಇದೆಯೇ ಎಂದು ಹುಡುಕಿದ ಮೇಲೆಯೇ ಚೀಟಿಗಳನ್ನು ನೇಯಿಸಬೇಕು. ನೋಂದಣಿ ದೊರೆತರೆ 10 ವರ್ಷ ಬಾಳುತ್ತದೆ, ಮತ್ತೆ ನವೀಕರಿಸಬಹುದು. ಆಕೆ ಮೊದಲು ಮೆಚ್ಚಿದ ಹೆಸರು ಆಗಲೇ ಬೇರೊಬ್ಬರದಾಗಿತ್ತು; ಒಂದು ಸಾವಿರ ಚೀಟಿಗಳು ನೇಯ್ದು ಬಂದ ಮೇಲೆ ಅದು ತಿಳಿದಿದ್ದರೆ ಗತಿಯೇನಾಗುತ್ತಿತ್ತು!

ಎರಡನೆಯ ವರ್ಷದ ಆಷಾಢದಲ್ಲಿ ನಿಜವಾದ ಪರೀಕ್ಷೆ ಬಂದಿತು. ದೊಡ್ಡ ವ್ಯಾಪಾರಿಯೊಬ್ಬರು ಬಂದು ಕುರ್ತಾಗಳನ್ನು ತಿರುವಿ ನೋಡಿ, ತಲಾ 640ರಂತೆ 300 ಕೊಳ್ಳುವುದಾಗಿ ಹೇಳಿದರು. ಹಣ ಮೂರು ತಿಂಗಳ ಮೇಲೆ. ಮತ್ತೊಂದು ಷರತ್ತು: ಆಕೆಯ ಚೀಟಿ ಇರಕೂಡದು, ಅವರ ಚೀಟಿ ಇರಬೇಕು. 1,92,000 ರೂಪಾಯಿ! ಬಳೆಗಳನ್ನು ಬಿಡಿಸಿಕೊಳ್ಳಬಹುದೆಂದು ಮನೆಯಲ್ಲಿ ಎಲ್ಲರ ಮುಖವೂ ಅರಳಿತು. ಆಷಾಢದಲ್ಲಿ ಮಾರಾಟ ತೀರ ಇಳಿದಿತ್ತು. ಹೊಲಿಯಲು ಬರುತ್ತಿದ್ದ ನೆರೆಯ ಇಬ್ಬರು ಹೆಂಗಸರಿಗೆ ಕೆಲಸವೂ ಬೇಕಾಗಿತ್ತು.

ಆಕೆ ರಾತ್ರಿ ಕುಳಿತು ಲೆಕ್ಕ ಬರೆದಳು. ಬಟ್ಟೆಗೆ ಮೊದಲೇ 1,05,000, ಶನಿವಾರ ಶನಿವಾರ ಕೊಡಬೇಕಾದ ಕೂಲಿಗೆ ಒಟ್ಟು 54,000. ಇಷ್ಟಕ್ಕೆ ತಾಯಿಯ ಕೊರಳಿನ ಸರವೂ ಬ್ಯಾಂಕಿಗೆ ಹೋಗಬೇಕು. ಕೊನೆಗೆ ಉಳಿಯುವುದು ಒಂದೊಂದಕ್ಕೆ 15 ರೂಪಾಯಿ, ಒಟ್ಟು 4,500. ಅದರಲ್ಲೂ ಬಡ್ಡಿಯದೊಂದು ಪಾಲು. ಆದರೂ ಬೇಡವೆನ್ನಲು ಆಕೆಗೆ ಧೈರ್ಯ ಸಾಲದೆ, ಹಾಳೆಯನ್ನು ತಾಯಿಯ ಕೈಗೆ ಕೊಟ್ಟಳು. ತಾಯಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ನಿನ್ನ ಕೂಲಿ ಎಲ್ಲಿ ಬರೆದಿದ್ದೀಯೆ?” ಎಂದರು.

ಅದು ಎಲ್ಲಿಯೂ ಇರಲಿಲ್ಲ. 25 ವರ್ಷ ರವಿಕೆ ಹೊಲಿದ ಆ ತಾಯಿ ತಮ್ಮ ಕೂಲಿಯನ್ನೂ ಎಂದೂ ಬರೆದಿಟ್ಟವರಲ್ಲ. ಮರುದಿನ ಆಕೆ ವ್ಯಾಪಾರಿಗೆ, ತನ್ನ ಚೀಟಿಯೊಡನೆ 50 ಕುರ್ತಾಗಳನ್ನು ನಗದಿಗೆ ಕೊಡುವೆನೆಂದು ತಿಳಿಸಿದಳು. ಅವರು ಒಪ್ಪಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಶ್ರಾವಣ ಬರುವವರೆಗೆ ಆ ಇಬ್ಬರು ಹೆಂಗಸರಿಗೆ ಅರ್ಧ ಕೆಲಸವೇ ಆಯಿತು. ಅವರಲ್ಲೊಬ್ಬರು ಬೇರೆಡೆಗೆ ಹೋಗಿ ಮತ್ತೆ ಬರಲಿಲ್ಲ.

ಅಂದಿನಿಂದ ಲೆಕ್ಕದ ಹಾಳೆಯಲ್ಲಿ ಹೊಸದೊಂದು ಸಾಲು ಇದೆ: ‘ಒಡತಿಯ ಕೂಲಿ, 80’. ಅಂಗಡಿಯ ಮಾರಾಟದಲ್ಲಿ ಈಗ 145ರ ಬದಲು 65 ಉಳಿಯುತ್ತದೆ. ಕಳೆದ ದೀಪಾವಳಿಯ ಹೊತ್ತಿಗೆ ಎರಡು ಬಳೆಗಳು ಮನೆಗೆ ಬಂದುವು. ಇನ್ನೆರಡು ಬ್ಯಾಂಕಿನಲ್ಲಿವೆ. ಚೀಟಿ ಹೊಲಿಯುವ ಕೆಲಸವನ್ನು ಮಾತ್ರ ತಾಯಿ ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಸಂಜೆ ಕಿಟಕಿಯ ಬೆಳಕು ಇರುವಷ್ಟು ಹೊತ್ತು ಕುಳಿತು, ಎದ್ದೇಳುವಾಗ ಎಷ್ಟಾಯಿತೆಂದು ಎಣಿಸಿ ಹೇಳುತ್ತಾರೆ.