ಹೂವರ್ ಅಣೆಕಟ್ಟು: ಕಂಡದ್ದು, ಕಲಿತದ್ದು

ಅಮೆರಿಕದ ನೈಋತ್ಯ ಭಾಗದ ಮರುಭೂಮಿಯಲ್ಲಿ ಕೊಲರಾಡೊ ನದಿಯು ಕಡಿದಾದ ಬಂಡೆಗಳ ನಡುವೆ ಆಳವಾದ ಕಂದರವನ್ನು ಕೊರೆದುಕೊಂಡು ಹರಿಯುತ್ತದೆ. ನೆವಾಡಾ ಮತ್ತು ಅರಿಜೋನಾ ರಾಜ್ಯಗಳ ಗಡಿಯಾದ ಈ ಕಂದರದಲ್ಲಿಯೇ ಜಗತ್ಪ್ರಸಿದ್ಧವಾದ ಹೂವರ್ ಅಣೆಕಟ್ಟು ನಿಂತಿದೆ. ಅಮೆರಿಕದಲ್ಲಿ ನೆಲೆಸಿರುವ ಮಗ-ಸೊಸೆಯರೊಂದಿಗೆ ಅದನ್ನು ಕಾಣುವ ಸುಯೋಗ ನಮಗೆ ಒದಗಿಬಂದಿತು.

ನಾವು ಪಯಣಿಸಿದ್ದು ಮೋಟಾರ್‌ಹೋಮ್‌ನಲ್ಲಿ. ಅದೊಂದು ಚಲಿಸುವ ಮನೆ. ಒಲೆ, ಹಾಸಿಗೆ, ಸ್ನಾನದ ಕೋಣೆ ಎಲ್ಲವೂ ಅದರೊಳಗೇ ಇವೆ. ನೀರಿಗೆ ಮಾತ್ರ ಒಂದೇ ತೊಟ್ಟಿ. ಅದು ಬರಿದಾದರೆ ಮುಂದಿನ ತಂಗುದಾಣವೇ ಗತಿ. ಎಷ್ಟು ನೀರು ಉಳಿದಿದೆಯೆಂಬುದನ್ನು ಗೋಡೆಯ ಮೇಲಿನ ಮಾಪಕವು ಸದಾ ತೋರಿಸುತ್ತಿತ್ತು. ಎರಡೇ ದಿನಗಳಲ್ಲಿ ನಮ್ಮೆಲ್ಲರ ಕೈಯೂ ತಾನಾಗಿಯೇ ಹಿಡಿತಕ್ಕೆ ಬಂದಿತು.

ತಪಾಸಣೆ ಮುಗಿದ ಬಳಿಕ ಅಣೆಕಟ್ಟಿನ ಮೇಲಿನ ರಸ್ತೆಯಲ್ಲಿಯೇ ಆಚೆಯ ದಡ ಸೇರಿದೆವು. ಮೊದಲು ಹೆದ್ದಾರಿಯ ವಾಹನಗಳೆಲ್ಲ ಈ ಇಕ್ಕಟ್ಟಾದ ದಾರಿಯಲ್ಲಿಯೇ ಸಾಗಬೇಕಾಗಿತ್ತು. 2010ರ ಅಕ್ಟೋಬರಿನಲ್ಲಿ ಪಕ್ಕದಲ್ಲಿಯೇ ಕಾಂಕ್ರೀಟಿನ ಕಮಾನು ಸೇತುವೆ ತೆರೆದ ಮೇಲೆ ಆ ಸಂಚಾರ ಅತ್ತ ಹೊರಳಿತು. ನದಿಯಿಂದ ಸುಮಾರು 900 ಅಡಿ ಎತ್ತರದಲ್ಲಿರುವ ಆ ಸೇತುವೆಯ ಕಮಾನು 1,060 ಅಡಿ ಅಗಲದ ಕಂದರವನ್ನು ಒಂದೇ ನೆಗೆತದಲ್ಲಿ ದಾಟಿದೆ. ಅದರ ಕಾಲುದಾರಿಯಲ್ಲಿ ನಿಂತಾಗಲೇ ಅಣೆಕಟ್ಟಿನ ಪೂರ್ಣರೂಪ ಕಣ್ಣಿಗೆ ಬೀಳುವುದು.

726 ಅಡಿ ಎತ್ತರದ ಈ ಕಟ್ಟಡದ ಬುಡ 660 ಅಡಿ ದಪ್ಪ; ನೆತ್ತಿ ಕೇವಲ 45 ಅಡಿ. ಕಾಮಗಾರಿ ಆರಂಭವಾದದ್ದು 1931ರಲ್ಲಿ. ಬೆಟ್ಟದೊಳಗೆ ನಾಲ್ಕು ಸುರಂಗಗಳನ್ನು ಕೊರೆದು ಮೊದಲು ನದಿಯನ್ನೇ ಪಕ್ಕಕ್ಕೆ ತಿರುಗಿಸಿದರು. ಕಾಂಕ್ರೀಟು ಗಟ್ಟಿಯಾಗುವಾಗ ಹುಟ್ಟುವ ಕಾವು ಅಣೆಕಟ್ಟನ್ನೇ ಬಿರುಕುಗೊಳಿಸದಂತೆ ಒಳಗೆ ನೂರಾರು ಮೈಲಿ ಉದ್ದದ ಕೊಳವೆಗಳನ್ನಿಟ್ಟು ತಣ್ಣೀರು ಹರಿಸಿದರು. 1935ರ ಸೆಪ್ಟೆಂಬರ್ 30ರಂದು ಅಧ್ಯಕ್ಷ ರೂಸ್‌ವೆಲ್ಟ್ ಇದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಈ ಕಾಮಗಾರಿಯಲ್ಲಿ ಅಧಿಕೃತ ಲೆಕ್ಕದಂತೆಯೇ 96 ಕಾರ್ಮಿಕರು ಪ್ರಾಣ ತೆತ್ತರು. ಆ ಕಾಯಕಜೀವಿಗಳನ್ನು ನೆನೆದು ನಮ್ಮ ಕೈಗಳು ತಾವಾಗಿಯೇ ಜೋಡಿದವು.

ಆದರೆ ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡದ್ದು ಹಿಂಬದಿಯ ಮೀಡ್ ಸರೋವರ. ಅದರ ಸುತ್ತಲಿನ ಕಂದು ಬಂಡೆಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪಟ್ಟಿಯೊಂದು ಹಬ್ಬಿದೆ. ಒಂದು ಕಾಲದಲ್ಲಿ ನೀರು ಅಲ್ಲಿಯವರೆಗೆ ನಿಂತಿತ್ತೆಂಬುದಕ್ಕೆ ಅದೇ ಸಾಕ್ಷಿ. 1983ರಲ್ಲಿ ಕೋಡಿಯ ಮೇಲೆ ಹರಿದಿದ್ದ ಸರೋವರವು 2022ರ ಜುಲೈ ವೇಳೆಗೆ ಪೂರ್ಣ ಮಟ್ಟಕ್ಕಿಂತ ಸುಮಾರು 180 ಅಡಿ ಕೆಳಗಿಳಿದಿತ್ತು.

ಬರಗಾಲ ಇದಕ್ಕೊಂದು ಕಾರಣ, ಲೆಕ್ಕ ಇನ್ನೊಂದು. ಏಳು ರಾಜ್ಯಗಳು 1922ರಲ್ಲಿ ಈ ನದಿಯನ್ನು ಹಂಚಿಕೊಂಡವು. ಅವರು ಆಧಾರವಾಗಿಟ್ಟುಕೊಂಡದ್ದು ಒಳ್ಳೆಯ ಮಳೆಯಾಗಿದ್ದ ವರ್ಷಗಳನ್ನು. 1944ರ ಒಪ್ಪಂದದಲ್ಲಿ ಮೆಕ್ಸಿಕೊದ ಪಾಲೂ ಸೇರಿತು. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ ಕಾಗದದ ಮೇಲೆ ಹಂಚಿದ್ದು ಸುಮಾರು 720 ಟಿ.ಎಂ.ಸಿ. ಅಡಿ. ಈ ಶತಮಾನದಲ್ಲಿ ನದಿ ತಂದುಕೊಟ್ಟದ್ದು ವರ್ಷಕ್ಕೆ ಸರಾಸರಿ 540ರ ಆಸುಪಾಸು. ಲಾಸ್ ವೇಗಸ್‌ನಂಥ ನಗರಗಳೂ ಲಕ್ಷಾಂತರ ಎಕರೆ ಹೊಲಗಳೂ ಇದನ್ನೇ ನಂಬಿವೆ. ಎಲ್ಲರೂ ಎತ್ತಿಕೊಂಡ ಮೇಲೆ ಬಹುತೇಕ ವರ್ಷಗಳಲ್ಲಿ ನದಿ ಸಮುದ್ರವನ್ನೇ ಮುಟ್ಟುವುದಿಲ್ಲ.

ಅಣೆಕಟ್ಟು ನೀರನ್ನು ಕೂಡಿಡಬಲ್ಲದು, ಹುಟ್ಟಿಸಲಾರದು. ತೊಟ್ಟಿ ಸಣ್ಣದಿದ್ದಾಗ ಈ ಸತ್ಯ ಎರಡು ದಿನದಲ್ಲಿ ಮನದಟ್ಟಾಗುತ್ತದೆ; ತೊಟ್ಟಿ ಸರೋವರದಷ್ಟು ದೊಡ್ಡದಾದಾಗ ಅದು ಅರಿವಾಗಲು ಒಂದು ಶತಮಾನವೇ ಹಿಡಿಯಿತು. ಇಂಥ ಕಟ್ಟಡವನ್ನು ಕಟ್ಟಿದವರ ಸಾಹಸಕ್ಕೆ ತಲೆಬಾಗೋಣ. ಆದರೆ ಬಂದಷ್ಟನ್ನೇ ಅರಿತು ಹಂಚಿಕೊಳ್ಳುವ ವಿವೇಕ ಅದಕ್ಕಿಂತಲೂ ಕಷ್ಟದ ಸಾಧನೆಯೆಂಬುದನ್ನು ಆ ಬಿಳಿಯ ಪಟ್ಟಿ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.